ಕಾಣದ ಬೆಂಕಿ: ಭೂತಗನ್ನಡಿ, ಡಿಶ್, ಸೋಲಾರ್ ಒಲೆ ಬಳಸುವಾಗ ಕಣ್ಣು ಕೈ ಉಳಿಸಿಕೊಳ್ಳುವುದು ಹೇಗೆ

ನಮ್ಮದು ಚಳ್ಳಕೆರೆ ಕಡೆ. ಬೇರೆ ಯಾವುದಕ್ಕೆ ಬರ ಬಂದರೂ ಬಿಸಿಲಿಗೆ ಬರ ಇಲ್ಲದ ಜಾಗ. ತಾರಸಿ ಮೇಲೆ ಒಂದು ಡಿಶ್ ಸೋಲಾರ್ ಕುಕ್ಕರ್ ಇಟ್ಟುಕೊಂಡಿದ್ದೇನೆ. ದೊಡ್ಡ ಛತ್ರಿಯನ್ನು ತಲೆಕೆಳಗು ಮಾಡಿ ಇಟ್ಟ ಹಾಗಿರುತ್ತದೆ, ಒಳಗೆಲ್ಲ ಫಳಫಳ ಹೊಳೆಯುವ ಅಲ್ಯುಮಿನಿಯಂ ಹಾಳೆ. ತಂದ ಮೊದಲ ವಾರ, ಪಾತ್ರೆ ಇಡುವ ಮೊದಲೇ ಡಿಶ್ಶನ್ನು ಸೂರ್ಯನ ಕಡೆ ತಿರುಗಿಸಿ, ಪಾತ್ರೆ ಕೂರುವ ರಿಂಗು ಗಟ್ಟಿ ಇದೆಯಾ ಅಂತ ಕೈ ಹಾಕಿ ಅಲ್ಲಾಡಿಸಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಉರಿ ಇಲ್ಲ, ಹೊಗೆ ಇಲ್ಲ, ಬರೀ ಗಾಳಿ. ಮುಂಗೈ ಚುರ್ ಅಂದಾಗಲೇ ಗೊತ್ತಾಗಿದ್ದು, ನಾನು ಕೈ ಹಾಕಿದ್ದು ಒಲೆಯೊಳಗೆ ಅಂತ. ಗುಳ್ಳೆ ಎದ್ದು ಒಡೆದು ಒಣಗಿತು, ನಾಲ್ಕಾಣೆ ಅಗಲದ ಕಲೆ ಇನ್ನೂ ಇದೆ.

ಒಟ್ಟು ಮಾಡಿದ ಬಿಸಿಲಿನ ತೊಂದರೆಯೇ ಇದು. ಸೌದೆ ಒಲೆ ಉರಿಯುತ್ತಿದ್ದರೆ ಮಗುವಿಗೂ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ. ಬೆಳಕು ಒಂದು ವಸ್ತುವಿಗೆ ತಾಗಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ, ಆ ವಸ್ತು ನಿಮ್ಮ ಕೈಯೇ ಆಗಿದ್ದರೆ ತಡವಾಯಿತು ಅಂತ ಅರ್ಥ. ಅದಕ್ಕೇ ನಮ್ಮ ಮನೆಯಲ್ಲಿ ಒಂದೇ ನಿಯಮ: ಮೊದಲು ಮುಚ್ಚು, ಆಮೇಲೆ ಮುಟ್ಟು. ಹೇಗೆ ಮುಚ್ಚಬೇಕು ಅಂತ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಸ್ವಲ್ಪ ಲೆಕ್ಕ ನೋಡೋಣ, ಯಾಕೆಂದರೆ ಲೆಕ್ಕ ಗೊತ್ತಾದರೆ ಹೆದರಿಕೆ ತಾನಾಗಿ ಬರುತ್ತದೆ.

ಎಷ್ಟು ಬಿಸಿಲು, ಎಷ್ಟು ಜಾಗದಲ್ಲಿ

ಮೋಡ ಇಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಹೆಚ್ಚುಕಡಿಮೆ 1000 ವ್ಯಾಟ್ ಬಿಸಿಲು ಬೀಳುತ್ತದೆ. ಇಸ್ತ್ರಿಪೆಟ್ಟಿಗೆಯೊಂದರ ಶಕ್ತಿ. ಅದು ಅಷ್ಟಗಲಕ್ಕೆ ಹರಡಿಕೊಂಡಿರುವುದರಿಂದ ನಾವು ಬದುಕಿದ್ದೇವೆ, ಬೆವರುತ್ತೇವೆ ಅಷ್ಟೆ.

ಈಗ ಶಾಲೆಯ ಲ್ಯಾಬಿನಲ್ಲಿರುವ 5 ಸೆಂಟಿಮೀಟರ್ ಅಗಲದ ಭೂತಗನ್ನಡಿ ತೆಗೆದುಕೊಳ್ಳಿ. ಅದರ ಮೂಲಕ ಹಾಯುವುದು 2 ವ್ಯಾಟ್ ಇದ್ದರೆ ಹೆಚ್ಚು. ಮಲಗುವ ಕೋಣೆಯ ಪುಟ್ಟ ದೀಪಕ್ಕೂ ಇದಕ್ಕಿಂತ ಜಾಸ್ತಿ ಬೇಕಾಗಬಹುದು. ಆದರೆ ಆ 2 ವ್ಯಾಟೂ ಸಾಸಿವೆ ಕಾಳಿನಷ್ಟು ಜಾಗಕ್ಕೆ ಇಳಿಯುತ್ತದೆ, ಕಾಗದ ಹೊಗೆಯಾಡುತ್ತದೆ. ಬಿಸಿಲೆಲ್ಲ ಬಂದು ಸೇರುವ ಆ ಚುಕ್ಕಿಗೆ ಸಂಗಮ ಬಿಂದು ಅಂತ ಹೆಸರು, ಗಾಜಿನಿಂದ ಅಲ್ಲಿಗಿರುವ ದೂರವೇ ಸಂಗಮ ದೂರ. ಅದು 10 ಸೆಂಟಿಮೀಟರ್ ಇದ್ದರೆ ಅಲ್ಲಿ ಬೀಳುವ ಸೂರ್ಯನ ಬಿಂಬ ಸುಮಾರು 1 ಮಿಲಿಮೀಟರ್. ಲೆಕ್ಕದ ಪ್ರಕಾರ ಬರಿ ಬಿಸಿಲಿನ ಎರಡು ಸಾವಿರ ಪಟ್ಟಿಗೂ ಜಾಸ್ತಿ ತೀಕ್ಷ್ಣತೆ. ಮಸೂರ ಪಕ್ಕಾ ಇರುವುದಿಲ್ಲ, ಅರ್ಧ ಕಳೆಯಿರಿ, ಆದರೂ ಸಾವಿರ ಪಟ್ಟು ಆಯಿತಲ್ಲ.

ಚರ್ಮದ ಕಥೆ ಇನ್ನೂ ಸಣ್ಣದು. 43–44 ಡಿಗ್ರಿ ದಾಟಿದರೆ ನೋವು ಶುರು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡಿಗೆ ಆಳವಾದ ಸುಟ್ಟ ಗಾಯ. 70 ಆದರೆ ಒಂದು ಸೆಕೆಂಡು ಸಾಕು. ಕಾಗದ ಸುಡಲು ಇನ್ನೂರು ಡಿಗ್ರಿಯ ಮೇಲೆ ಬೇಕು, ಅಂದಮೇಲೆ ಕಾಗದ ಸುಡುವ ಬಿಂದುವಿಗೆ ನಮ್ಮ ಚರ್ಮ ಯಾವ ಲೆಕ್ಕ?

ಹಾಗಂತ ಹೊಳೆಯುವುದೆಲ್ಲ ಅಪಾಯ ಅಂದುಕೊಳ್ಳಬೇಡಿ. ಚಪ್ಪಟೆ ಕನ್ನಡಿ ಬಿಸಿಲನ್ನು ತಿರುಗಿಸುತ್ತದೆ, ಒಟ್ಟು ಮಾಡುವುದಿಲ್ಲ. (ನಾಲ್ಕಾರು ಚಪ್ಪಟೆ ಕನ್ನಡಿ ಒಂದೇ ಕಡೆ ತಿರುಗಿಸಿದರೆ ಅದು ಬೇರೆ ಮಾತು.) ಬೈಕಿನ ಕನ್ನಡಿ ಹೊರಗೆ ಉಬ್ಬಿದ್ದು, ಅದು ಬೆಳಕನ್ನು ಚದುರಿಸುತ್ತದೆ. ಪಾವಗಡದ ಸೋಲಾರ್ ಪಾರ್ಕಿನ ಪಕ್ಕದ ಊರುಗಳಲ್ಲಿ "ಆ ಗಾಜೆಲ್ಲ ಸೇರಿ ನಮ್ಮನ್ನು ಸುಡುತ್ತಾ?" ಅಂತ ಕೇಳುವವರಿದ್ದಾರೆ. ಇಲ್ಲ. ಅವು ಚಪ್ಪಟೆ ಫಲಕಗಳು, ಬಿಸಿಲನ್ನು ಹೀರಿಕೊಳ್ಳುವುದೇ ಅವುಗಳ ಕೆಲಸ. ಹೈಸ್ಕೂಲಿನಲ್ಲಿ ಓದಿದ ಎರಡು ಹೆಸರು ನೆನಪಿದ್ದರೆ ಸಾಕು: ಪೀನ ಮಸೂರ, ನಿಮ್ನ ದರ್ಪಣ. ಮಧ್ಯ ದಪ್ಪಗಿರುವ ಗಾಜು, ಒಳಗೆ ತಗ್ಗಿರುವ ಕನ್ನಡಿ. ಇವೆರಡನ್ನು ಎಲ್ಲಿ ಕಂಡರೂ ಸ್ವಲ್ಪ ಅನುಮಾನದಿಂದ ನೋಡಿ. ಗಡ್ಡ ಕೆರೆಯುವಾಗ ಮುಖ ದೊಡ್ಡದಾಗಿ ತೋರಿಸುವ ಕನ್ನಡಿ, ಅಜ್ಜನ ಪ್ಲಸ್ ಪವರ್ ಓದುವ ಕನ್ನಡಕ, ಗಾಜಿನ ಗುಂಡು, ನೀರು ತುಂಬಿದ ದುಂಡು ಬಾಟಲಿ, ಎಲ್ಲ ಈ ಜಾತಿಯವೇ. ಕಿಟಕಿಯ ಬಿಸಿಲಿನಲ್ಲಿ ಬಿಟ್ಟ ಇಂಥ ಕನ್ನಡಿ ಪರದೆಗೆ ಬೆಂಕಿ ಹಚ್ಚಿದ್ದಿದೆ.

ಕಟ್ಟಡವೇ ನಿಮ್ನ ದರ್ಪಣ ಆದದ್ದೂ ಇದೆ. 2013ರಲ್ಲಿ ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಅನ್ನುವ 37 ಮಹಡಿಯ ಗಾಜಿನ ಕಟ್ಟಡ ಒಳಬಾಗಿದ್ದರಿಂದ ಕೆಳಗಿನ ರಸ್ತೆಗೆ ಬಿಸಿಲು ಒಟ್ಟಾಗಿ ಬಿದ್ದು, ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳು ಕರಗಿ ಸೊಟ್ಟಗಾದವು. ಪತ್ರಕರ್ತರೊಬ್ಬರು ಬಾಣಲೆ ಹಿಡಿದು ಅಲ್ಲೇ ಮೊಟ್ಟೆ ಬೇಯಿಸಿದರು. ತಮಾಷೆ ಏನೆಂದರೆ ಅದೇ ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ಅವರ ಲಾಸ್ ವೇಗಸ್ ಹೋಟೆಲ್ ಕಟ್ಟಡದಲ್ಲೂ ಮೊದಲೇ ಇಂಥದ್ದು ಆಗಿತ್ತು. ಅಲ್ಲಿ 2010ರಲ್ಲಿ ಈಜುಕೊಳದ ಪಕ್ಕ ಮಲಗಿದ್ದ ಅತಿಥಿಯೊಬ್ಬರ ಕೂದಲು ಸೀದಿತ್ತು.

ಡಿಶ್ ಕುಕ್ಕರ್ ಇದ್ದವರಿಗೆ

ಪೆಟ್ಟಿಗೆ ಮಾದರಿಯ ಸೋಲಾರ್ ಕುಕ್ಕರ್ ಸಾಧು ಪ್ರಾಣಿ. ಒಂದು ಚಪ್ಪಟೆ ಕನ್ನಡಿ, ಗಾಜಿನ ಮುಚ್ಚಳ, ಒಳಗೆ ನೂರು ಡಿಗ್ರಿಯ ಆಚೆ ಈಚೆ. ಅಲ್ಲಿ ನೋಡಿಕೊಳ್ಳಬೇಕಾದ್ದು ಮುಚ್ಚಳ ತೆಗೆದಾಗ ಮುಖಕ್ಕೆ ಬರುವ ಹಬೆ ಮತ್ತು ಕಪ್ಪು ಪಾತ್ರೆಯ ಬಿಸಿ ಮಾತ್ರ.

ಡಿಶ್ ಹಾಗಲ್ಲ. ಸಾಮಾನ್ಯವಾಗಿ ಸಿಗುವುದು 1.4 ಮೀಟರ್ ಅಗಲದ್ದು. ಅಂದರೆ ಒಂದೂವರೆ ಚದರ ಮೀಟರ್ ಬಿಸಿಲು ಒಂದು ಪಾತ್ರೆಯ ತಳಕ್ಕೆ. ನಮ್ಮ ಮನೆಯಲ್ಲಿ ತೊಗರಿಬೇಳೆ ಬೇಯುತ್ತದೆ, ಕಡಲೆಕಾಯಿ ಹುರಿಯುತ್ತೇವೆ, ಒಗ್ಗರಣೆ ಕೂಡ ಆಗುತ್ತದೆ. ಎಣ್ಣೆ ಕಾಯುವಷ್ಟು ಬಿಸಿ ಅಂದರೆ ಅಂದಾಜು ಮಾಡಿ.

ಮುಚ್ಚುವ ವಿಷಯಕ್ಕೆ ಬರೋಣ. ಡಿಶ್ಶಿನ ಪೂರ್ತಿ ಅಗಲಕ್ಕೆ ಆಗುವ ದಪ್ಪ ಹತ್ತಿ ಬಟ್ಟೆ ಅಥವಾ ಗೋಣಿತಾಟು ಇಟ್ಟುಕೊಳ್ಳಿ. ಪಾತ್ರೆ ಇಡುವಾಗ, ತಿರುವುವಾಗ, ಇಳಿಸುವಾಗ, ಮೂರು ಸಲವೂ ಮೊದಲು ಅದನ್ನು ಡಿಶ್ಶಿನ ಮೇಲೆ ಎಳೆಯಿರಿ. ಪ್ಲಾಸ್ಟಿಕ್ ಟಾರ್ಪಾಲು ಬೇಡ, ಹೊದಿಸುವಾಗ ಅದರ ಒಂದು ತುದಿ ಸಂಗಮ ಬಿಂದುವಿಗೆ ಹೋದರೆ ಕರಗಿ ಹನಿಯುತ್ತದೆ. ಬಟ್ಟೆ ಇಲ್ಲವಾ? ಡಿಶ್ಶನ್ನೇ ಸೂರ್ಯನಿಂದ ಪಕ್ಕಕ್ಕೆ ತಿರುಗಿಸಿ. ತಿರುಗಿಸುವಾಗ ಹಿಂದೆ ನಿಂತೇ ತಿರುಗಿಸಬೇಕು. ನಿಮ್ಮ ನೆರಳು ಡಿಶ್ಶಿನ ಮೇಲೆ ಬೀಳುವ ಹಾಗೆ ಮುಂದೆ ನಿಂತರೆ ಸರಿ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಉಪಾಯ ಒಪ್ಪಿಗೆ ಇಲ್ಲ. ನಮ್ಮ ನೆರಳು ಡಿಶ್ಶಿನ ಅರ್ಧವನ್ನೂ ಮುಚ್ಚುವುದಿಲ್ಲ, ಉಳಿದರ್ಧ ಸುಡಲು ಧಾರಾಳ ಸಾಕು.

ಸೂರ್ಯ ಸುಮ್ನೆ ನಿಂತಿರುವುದಿಲ್ಲ, ಇದು ಎರಡನೆಯ ತೊಂದರೆ. ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅದಕ್ಕೇ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಡಿಶ್ ತಿರುಗಿಸುತ್ತಿರಬೇಕು. ತಿರುಗಿಸದೆ ಸೀರಿಯಲ್ ನೋಡುತ್ತಾ ಕೂತರೆ ಬೇಳೆ ಬೇಯುವುದಿಲ್ಲ ಅನ್ನುವುದು ಸಣ್ಣ ನಷ್ಟ. ಆ ಬಿಸಿ ಬಿಂದು ಪಾತ್ರೆಯ ತಳ ಬಿಟ್ಟು ಹಿಡಿಕೆಗೆ, ಸ್ಟ್ಯಾಂಡಿಗೆ, ಅದೂ ಬಿಟ್ಟು ಪಕ್ಕದ ಬರಿ ಗಾಳಿಗೆ ಸರಿಯುತ್ತದೆ. ನೀವು ವಾಪಸು ಬಂದು "ಪಾತ್ರೆ ಅಷ್ಟೇನೂ ಬಿಸಿ ಇಲ್ಲ" ಅಂತ ಬಗ್ಗುವಾಗ ಕೆನ್ನೆಯೋ ಕಿವಿಯೋ ಅಲ್ಲಿಗೆ ಹೋಗುತ್ತದೆ.

ಬಟ್ಟೆ ಹತ್ತಿಯದ್ದೇ ಇರಲಿ. ನೈಲಾನ್ ಸೀರೆ, ಸಿಂಥೆಟಿಕ್ ದುಪಟ್ಟಾ ಸುಡುವುದಷ್ಟೇ ಅಲ್ಲ, ಕರಗಿ ಮೈಗೆ ಅಂಟುತ್ತವೆ. ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಹಿಂದಕ್ಕೆ. ಕೈಗೆ ಉದ್ದದ ಇಕ್ಕಳ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಿ, ಆದರೆ ಅದು ತಾರಸಿಯ ಝಳಪಿಗೆ ಮಾತ್ರ. ಕಪ್ಪು ಕನ್ನಡಕ ಇದೆ ಅಂತ ಡಿಶ್ಶಿನೊಳಗೆ ಇಣುಕಿ "ಸೂರ್ಯ ಸರಿಯಾಗಿ ಕೂತಿದ್ದಾನಾ" ನೋಡಬಾರದು. ಕೂತಿದ್ದಾನಾ ಅಂತ ನೋಡಲು ಬೇರೆ ದಾರಿ ಇದೆ: ಡಿಶ್ಶಿನ ಅಂಚಿಗೆ ಒಂದು ಮೊಳೆ ನೆಟ್ಟಗೆ ನಿಲ್ಲಿಸಿ, ಅದರ ನೆರಳು ಬುಡದಲ್ಲೇ ಮಾಯ ಆದರೆ ಡಿಶ್ ಸೂರ್ಯನಿಗೆ ನೇರ ಇದೆ ಅಂತ. ಹೆಚ್ಚಿನ ಡಿಶ್‌ಗಳಲ್ಲಿ ಇಂಥ ಕಡ್ಡಿ ಮೊದಲೇ ಇರುತ್ತದೆ, ಅದು ಯಾಕೆ ಅಂತ ಯಾರೂ ಹೇಳಿಕೊಡುವುದಿಲ್ಲ ಅಷ್ಟೆ.

ದೊಡ್ಡ ಪ್ರಮಾಣದಲ್ಲಿ ಅಡುಗೆ ಮಾಡುವವರು ಈ ತಲೆನೋವನ್ನೇ ಬೇರೆ ಕಡೆ ಸಾಗಿಸಿಬಿಟ್ಟಿದ್ದಾರೆ. ತಿರುಮಲ, ಶಿರಡಿಯಲ್ಲಿ ಡಿಶ್ ಸಾಲುಗಳು ನೀರನ್ನು ಹಬೆ ಮಾಡುತ್ತವೆ, ಹಬೆ ಕೊಳವೆಯಲ್ಲಿ ಅಡುಗೆಮನೆಗೆ ಬರುತ್ತದೆ. ಅಡುಗೆಯವರು ಸಂಗಮ ಬಿಂದುವಿನ ಹತ್ತಿರ ಸುಳಿಯುವ ಪ್ರಮೇಯವೇ ಇಲ್ಲ. ನಮ್ಮ ತಾರಸಿಗೆ ಆ ಭಾಗ್ಯ ಇಲ್ಲವಲ್ಲ.

ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ

ಹಳೆಯ ಡಿಟಿಎಚ್ ಡಿಶ್ಶಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ "ಸೌರ ಒಲೆ" ಅಂತ ಮಕ್ಕಳು ಮಾಡುತ್ತಾರೆ. ಒಳ್ಳೆಯ ಪ್ರಯೋಗವೇ, ನಾನೂ ನನ್ನ ಮಗಳಿಗೆ ಮಾಡಿಕೊಟ್ಟೆ. ಆದರೆ ಎರಡು ಸಂಗತಿ ಯಾರೂ ಹೇಳುವುದಿಲ್ಲ.

ಒಂದು, ಅದರ ಶಕ್ತಿ. 60 ಸೆಂಟಿಮೀಟರ್ ಡಿಶ್ಶಿಗೆ ಬೀಳುವುದು ಸುಮಾರು 280 ವ್ಯಾಟ್. ಸ್ಟಿಕ್ಕರ್ ಸ್ವಲ್ಪ ತಿಂದುಹಾಕಿದರೂ ಇನ್ನೂರು ಉಳಿಯುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟ್. ಅಂಥ ಎಂಟು ಕಡ್ಡಿ ಒಟ್ಟಿಗೆ ಹಿಡಿದ ಹಾಗೆ. ಸ್ಟಿಕ್ಕರ್ ಸುಕ್ಕಾಗಿ ಅಂಟಿಸಿದರೆ ಬಿಂದು ಹರಡುತ್ತದೆ, ಮಕ್ಕಳ ಕೈಕೆಲಸ ಅಂದವಾಗಿಲ್ಲದಿರುವುದು ಇಲ್ಲಿ ಒಳ್ಳೆಯದೇ.

ಇನ್ನೊಂದು ಜಾಸ್ತಿ ಮುಖ್ಯ. ಡಿಟಿಎಚ್ ಡಿಶ್ಶಿನ ಸಂಗಮ ಬಿಂದು ಅದರ ನೆಟ್ಟನೆ ಎದುರಿಗೆ ಇರುವುದಿಲ್ಲ. ಡಿಶ್ಶಿನಿಂದ ಮುಂದಕ್ಕೆ ಚಾಚಿದ ತೋಳಿನ ತುದಿಯಲ್ಲಿ, ಕೆಳಗಡೆ ಇರುತ್ತದೆ. ಡಿಶ್ ಎಲ್ಲೋ ನೋಡುತ್ತಿದೆ, ಸೂರ್ಯನ ಕಡೆಗಿಲ್ಲ ಅಂತ ನಿಮಗೆ ಅನ್ನಿಸುವ ಹೊತ್ತಿಗೇ ಅದು ಸೂರ್ಯನಿಗೆ ಸರಿಯಾಗಿ ಕೂತಿರುತ್ತದೆ. ಹಾಗಾಗಿ ಸ್ಟಿಕ್ಕರ್ ಅಂಟಿಸುವ ಕೆಲಸ ಪೂರ್ತಿ ಮನೆಯೊಳಗೆ ಅಥವಾ ನೆರಳಲ್ಲಿ ಮುಗಿಯಲಿ. ಬಿಸಿಲಿಗೆ ಒಯ್ಯುವಾಗ ಬೆಡ್‌ಶೀಟ್ ಸುತ್ತಿ ಒಯ್ಯಿರಿ. ಬಿಂದು ಎಲ್ಲಿದೆ ಅಂತ ಹುಡುಕಲು ಕೈ ಬೇಡ, ಒಂದು ಮಾರುದ್ದದ ಕೋಲಿನ ತುದಿಗೆ ತೇವ ಮಾಡಿದ ರಟ್ಟು ಸಿಕ್ಕಿಸಿ ಅದನ್ನು ಆಡಿಸಿ ನೋಡಿ. ಸಿಕ್ಕ ಮೇಲೆ ಆ ಜಾಗದ ಸುತ್ತ ತಂತಿಯ ಬಳೆ ಕಟ್ಟಿ ಕೆಂಪು ರಿಬ್ಬನ್ ಸುತ್ತಿ, ಕಾಣದ್ದು ಕಾಣುವ ಹಾಗಾಗಲಿ. ಪ್ರದರ್ಶನದ ದಿನ ಸುತ್ತ ಹಗ್ಗ ಕಟ್ಟಿ, ಒಬ್ಬ ದೊಡ್ಡವರು ಪಕ್ಕದಲ್ಲೇ ನಿಲ್ಲಬೇಕು. ಊಟಕ್ಕೆ ಹೋಗುವಾಗ ಮುಖ ನೆಲಕ್ಕೆ ಮಾಡಿ ಮಗುಚಿ. ಒಣ ಹುಲ್ಲಿನ ಮೈದಾನ, ಬಣವೆ ಪಕ್ಕ ಇಡಲೇಬೇಡಿ.

ಭೂತಗನ್ನಡಿ ಕೊಟ್ಟರೆ ಮಕ್ಕಳು ಮೊದಲು ಇರುವೆ ಸುಡುತ್ತಾರೆ, ಆಮೇಲೆ ತಮ್ಮನ ಕೈ. ನಾವೂ ಮಾಡಿದ್ದೇವೆ, ಅಲ್ವಾ. ಬೈದು ಕಿತ್ತುಕೊಳ್ಳುವ ಬದಲು ಒಂದು ಕಪ್ಪು ಬಲೂನ್ ಕೊಟ್ಟು ಅದರ ಮೇಲೆ ಬಿಂದು ಹಿಡಿಸಿ. ಪಟ್ ಅಂತ ಒಡೆದಾಗ ಅರ್ಥ ಆಗುತ್ತದೆ.

ಕಣ್ಣಿನ ವಿಷಯ ಬೇರೆಯೇ

ಕೈ ಸುಟ್ಟರೆ ನೋವಾಗುತ್ತದೆ, ಎಳೆದುಕೊಳ್ಳುತ್ತೇವೆ. ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆ, ಅಂದರೆ ರೆಟಿನಾಕ್ಕೆ, ನೋವಿನ ನರ ಇಲ್ಲ. ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಮೇಲಾಗಿ ನಮ್ಮ ಕಣ್ಣೇ ಒಂದು ಪೀನ ಮಸೂರ. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಿದರೂ ಬಿಸಿಲು ಒಟ್ಟಾಗಿ ರೆಟಿನಾದ ನಟ್ಟನಡುವೆ, ನಾವು ಅಕ್ಷರ ಓದುವ, ಮುಖ ಗುರುತಿಸುವ ಜಾಗಕ್ಕೇ ಬೀಳುತ್ತದೆ. ಸಾಮಾನ್ಯ ದಿನ ಝಳಕ್ಕೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಗ್ರಹಣದ ದಿನ ಝಳ ಕಡಿಮೆ, ಕಣ್ಣು ಮುಚ್ಚುವುದಿಲ್ಲ, ಉಳಿದ ಸೂರ್ಯನ ಚೂರು ಮಾತ್ರ ಅಷ್ಟೇ ತೀಕ್ಷ್ಣವಾಗಿ ಸುಡುತ್ತಿರುತ್ತದೆ.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿರಬೇಕು, ಮಂಗಳೂರು ಕಡೆ ಪೂರ್ತಿ ಬಳೆ ಕಂಡಿತ್ತು. ಆ ದಿನ ನಮ್ಮ ಬೀದಿಯಲ್ಲಿ ಎಕ್ಸ್‌ರೇ ಫಿಲ್ಮು, ಹೊಗೆ ಹಿಡಿಸಿದ ಗಾಜು, ಎರಡೆರಡು ಕೂಲಿಂಗ್ ಗ್ಲಾಸು ಎಲ್ಲ ಬಂದಿದ್ದವು. ಒಂದೂ ಸರಿಯಿಲ್ಲ. ಇವು ಕಣ್ಣಿಗೆ ಕಾಣುವ ಬೆಳಕನ್ನು ತಗ್ಗಿಸಿದರೂ ಕಾಣದ ಅವಕೆಂಪು ಕಿರಣಗಳನ್ನು ಒಳಗೆ ಬಿಡಬಹುದು. ಸರಿಯಾದ ಗ್ರಹಣ ಕನ್ನಡಕ ಬಿಡುವುದು ಮೂವತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಬೆಳಕು. ಹಾಕಿಕೊಂಡರೆ ಮನೆಯ ಟ್ಯೂಬ್‌ಲೈಟೂ ಸರಿಯಾಗಿ ಕಾಣಬಾರದು. ಅದರ ಮೇಲೆ ಐಎಸ್‌ಒ 12312-2 ಅಂತ, ಅಂದರೆ ಅಂತರರಾಷ್ಟ್ರೀಯ ಗುಣಮಟ್ಟದ ಗುರುತು, ಬರೆದಿರಬೇಕು. ಗೀರು, ತೂತು ಇದ್ದರೆ ಬಿಸಾಕಿ. ವೆಲ್ಡಿಂಗ್ ಗ್ಲಾಸ್ ಆದರೆ 14ನೇ ನಂಬರ್. ತಟ್ಟೆಯಲ್ಲಿ ಅರಿಶಿನದ ನೀರಿಟ್ಟು ಪ್ರತಿಬಿಂಬ ನೋಡುವ ಪದ್ಧತಿ ಬರಿಗಣ್ಣಿಗಿಂತ ವಾಸಿ ಅಷ್ಟೆ, ದಿಟ್ಟಿಸಿ ನೋಡಲು ಅದೂ ಬೇಡ. ನನ್ನ ಮೆಚ್ಚಿನ ದಾರಿ ಹೊಂಗೆ ಮರ. ಗ್ರಹಣದ ಹೊತ್ತಿಗೆ ಅದರ ನೆರಳಲ್ಲಿ ನಿಂತು ನೆಲ ನೋಡಿ. ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕಿಯೂ ಒಂದೊಂದು ಕಚ್ಚಿದ ಸೂರ್ಯ. ಮರ ಇಲ್ಲದಿದ್ದರೆ ಅಡುಗೆಮನೆಯ ಜಾಲರಿ ಸೌಟನ್ನು ಬಿಸಿಲಿಗೆ ಹಿಡಿದು ನೆಲದ ಮೇಲಿನ ಅದರ ನೆರಳು ನೋಡಿ, ಸಾಕು.

ಬೈನಾಕ್ಯುಲರ್, ಟೆಲಿಸ್ಕೋಪಿಗೆ ಬಂದರೆ ತಮಾಷೆ ಮುಗಿಯಿತು. ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ 2 ಮಿಲಿಮೀಟರ್ ತೆರೆದಿರುತ್ತದೆ, ಬೈನಾಕ್ಯುಲರಿನ ಗಾಜು 50 ಮಿಲಿಮೀಟರ್. ಅಗಲದ ಲೆಕ್ಕದಲ್ಲಿ ಆರುನೂರು ಪಟ್ಟಿಗಿಂತ ಜಾಸ್ತಿ ಬೆಳಕನ್ನು ಅದು ಬಾಚುತ್ತದೆ. ಎಲ್ಲವೂ ಕಣ್ಣೊಳಗೆ ಹೋಗದಿದ್ದರೂ ಹೋದಷ್ಟು ಸಾಕು, ಕ್ಷಣದಲ್ಲಿ ರೆಟಿನಾ ಸುಡುತ್ತದೆ. ಗ್ರಹಣ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು, ಒಟ್ಟಾದ ಬಿಸಿಲು ಆ ಫಿಲ್ಮನ್ನೇ ಸುಟ್ಟು ಕಣ್ಣಿಗೆ ಬರುತ್ತದೆ. ಬಿಸಿಲು ಸೋಸುವ ಗಾಜು (ಫಿಲ್ಟರ್) ಯಾವಾಗಲೂ ಉಪಕರಣದ ಮುಂದಿನ ಬಾಯಿಗೆ ಇರಬೇಕು, ಕಣ್ಣಿಡುವ ಕಡೆ ಅಲ್ಲ. ಅಗ್ಗದ ಟೆಲಿಸ್ಕೋಪಿನ ಜೊತೆ ಕಣ್ಣಿನ ಕಡೆ ತಿರುಪುವ ಪುಟ್ಟ "ಸನ್" ಫಿಲ್ಟರ್ ಬರುತ್ತದಲ್ಲ, ಅದನ್ನು ಇವತ್ತೇ ಕಸಕ್ಕೆ ಹಾಕಿ. ಬಿಸಿಗೆ ಬಿರುಕು ಬಿಡುತ್ತದೆ. ಮತ್ತೆ ಟೆಲಿಸ್ಕೋಪಿನ ಬೆನ್ನಮೇಲಿನ ಸಣ್ಣ ದುರ್ಬೀನು, ಗುರಿ ಹಿಡಿಯಲು ಇರುವುದು, ಅದರ ಮುಚ್ಚಳ ಹಾಕಿಡಿ. ದೊಡ್ಡದಕ್ಕೆ ಫಿಲ್ಟರ್ ಹಾಕಿ ಸಣ್ಣದನ್ನು ಮರೆತರೆ ಮಗು ಅದರಲ್ಲೇ ಇಣುಕುತ್ತದೆ.

ಟೆಲಿಸ್ಕೋಪಿನಿಂದ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸುವ ಉಪಾಯ ಗೆಲಿಲಿಯೋಗೆ ಅವನ ಶಿಷ್ಯ ಕಾಸ್ಟೆಲ್ಲಿ ಹೇಳಿಕೊಟ್ಟದ್ದು. ಗೆಲಿಲಿಯೋ ಸೂರ್ಯನನ್ನು ನೋಡಿ ಕುರುಡನಾದ ಅನ್ನುವ ಕಥೆ ಸುಳ್ಳು. ಅವನ ಕಣ್ಣು ಹೋದದ್ದು ಸೂರ್ಯನ ಕಲೆಗಳನ್ನು ಬಿಡಿಸಿ ಇಪ್ಪತ್ತೈದು ವರ್ಷದ ಮೇಲೆ, ಮುಪ್ಪಿನಲ್ಲಿ. ನೀವೂ ಹಾಳೆಯ ಮೇಲೆ ಬೀಳಿಸಬಹುದು. ಆದರೆ ಕಣ್ಣಿಡುವ ಕಡೆಯಿಂದ ಹೊರಬರುವ ಆ ಬೆಳಕಿನ ಕಂಬಕ್ಕೆ ಬೆರಳು, ಕೂದಲು ಅಡ್ಡ ಬರದಿರಲಿ, ಉಪಕರಣ ಬಿಟ್ಟು ಕದಲಬೇಡಿ.

ಸುಟ್ಟ ಮೇಲೆ

ನಲ್ಲಿಯ ತಣ್ಣೀರು, ಹರಿಯುವ ನೀರು, 20 ನಿಮಿಷ. ಗಡಿಯಾರ ನೋಡಿಯೇ ಹಿಡಿಯಿರಿ, ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ, ಸಾಕಲ್ಲ. ಬಳೆ, ಉಂಗುರ, ವಾಚು ತಕ್ಷಣ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ದೋಸೆ ಹಿಟ್ಟು, ಅರಿಶಿನ, ಬೆಣ್ಣೆ ಯಾವುದೂ ಬೇಡ. ನನ್ನ ಕೈಗೆ ಅತ್ತೆ ದೋಸೆ ಹಿಟ್ಟು ಮೆತ್ತಿದ್ದರು, ಆಮೇಲೆ ಅದನ್ನು ಕೆರೆದು ತೆಗೆಯುವಾಗ ಆದ ನೋವು ಸುಟ್ಟ ನೋವಿಗಿಂತ ಜಾಸ್ತಿ. ಗುಳ್ಳೆ ಒಡೆಯಬೇಡಿ, ತೊಳೆದ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ ಅಥವಾ ಕೀಲಿನ ಮೇಲಿದ್ದರೆ, ಬೆಳ್ಳಗೆ ಇಲ್ಲವೇ ಕಪ್ಪಗೆ ಆಗಿ ನೋವೇ ಇಲ್ಲದಿದ್ದರೆ ನೇರ ಆಸ್ಪತ್ರೆಗೆ. ನೋವಿಲ್ಲ ಅಂದರೆ ಆಳಕ್ಕೆ ಹೋಗಿದೆ ಅಂತ ಅರ್ಥ, ವಾಸಿಯಾಗಿದೆ ಅಂತಲ್ಲ. ಸಣ್ಣ ಬಿಂದುವಿನ ಗಾಯಗಳು ಹೊರಗೆ ಪುಟ್ಟದಾಗಿದ್ದು ಒಳಗೆ ಆಳ ಇರಬಹುದು, ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಕಣ್ಣಿಗೆ ಬಿದ್ದಿದ್ದರೆ ತೊಳೆದು ಪ್ರಯೋಜನ ಇಲ್ಲ, ಏಟು ಒಳಗಿದೆ. ಲಕ್ಷಣ ತಕ್ಷಣ ಬರುವುದಿಲ್ಲ, ಕೆಲವು ಗಂಟೆ ಬೇಕು, ಮಾರನೆಯ ಬೆಳಿಗ್ಗೆ ಪೇಪರ್ ಓದುವಾಗ ನಡುವೆ ಒಂದು ಮಸುಕು ಚುಕ್ಕಿ ಕಾಣಬಹುದು. ಪರೀಕ್ಷೆ ಸುಲಭ: ಒಂದು ಕಣ್ಣು ಮುಚ್ಚಿ ಬಚ್ಚಲಮನೆಯ ಟೈಲ್ಸ್ ಗೆರೆಗಳನ್ನು ನೋಡಿ, ಆಮೇಲೆ ಇನ್ನೊಂದು ಕಣ್ಣು. ಗೆರೆ ಡೊಂಕಾಗಿ ಕಂಡರೆ, ಮಧ್ಯ ಖಾಲಿ ಬಿಟ್ಟರೆ, ಕಣ್ಣಿನ ಡಾಕ್ಟರ ಹತ್ತಿರ ಅದೇ ದಿನ ಹೋಗಿ, ಏನು ನೋಡಿದಿರಿ, ಯಾವುದರಲ್ಲಿ ನೋಡಿದಿರಿ, ಎಷ್ಟು ಹೊತ್ತು ಅಂತ ಸರಿಯಾಗಿ ಹೇಳಿ. ಇದಕ್ಕೆ ಖಚಿತವಾದ ಔಷಧಿ ಇಲ್ಲ. ಕೆಲವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ, ಕೆಲವರಿಗೆ ಆ ಚುಕ್ಕಿ ಉಳಿದುಬಿಡುತ್ತದೆ. ಹಾಗಿದ್ದರೂ ಹೋಗಿ, ಬೇರೇನೂ ತೊಂದರೆ ಇಲ್ಲ ಅಂತಾದರೂ ಗೊತ್ತಾಗಬೇಕಲ್ಲ.

ಇನ್ನೊಂದು ಮಾತು, ಡಿಶ್ ಕುಕ್ಕರ್ ಇರುವವರಿಗೆ. ಸಂಜೆ ಅಡುಗೆ ಮುಗಿದ ಮೇಲೆ ಅದನ್ನು ಪಡುವಣಕ್ಕೆ ಮುಖ ಮಾಡಿ ಹಾಗೇ ಬಿಡುವ ಅಭ್ಯಾಸ ಬಹಳ ಜನರಿಗಿದೆ. ಮರುದಿನ ಅದೇ ಹೊತ್ತಿಗೆ ಸೂರ್ಯ ಮತ್ತೆ ಅದೇ ಜಾಗಕ್ಕೆ ಬರುತ್ತಾನೆ, ಆಗ ನೀವು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುತ್ತೀರಿ. ಡಿಶ್ಶನ್ನು ಉತ್ತರದ ಗೋಡೆ ಕಡೆಗೆ ಬಗ್ಗಿಸಿ, ಗೋಣಿತಾಟು ಹೊದಿಸಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಟ್ಟಿ ಇಳಿಯಿರಿ.